ಟಿಕೆಟ್ಟಿಲ್ಲದ ಗಂಟು

ಕೋಳಿಗೆ ಟಿಕೆಟ್ ಕೇಳಿದ್ದಕ್ಕೆ ಬಸ್ಸಿಗೆ ಬಸ್ಸೇ ನಕ್ಕಿತು. ಅರಕಲಗೂಡಿನ ಸ್ಟ್ಯಾಂಡಿನಿಂದ ಹೊರಟವರು ಇನ್ನೂ ಊರು ದಾಟಿರಲಿಲ್ಲ. ಹಿಂದಿನ ಸೀಟಿನಲ್ಲಿ ಲಕ್ಕಮ್ಮನೆಂಬ ಮುದುಕಿ ವೈರು ಬ್ಯಾಗಿನೊಳಗೆ ಒಂದು ಹ್ಯಾಟೆಕೋಳಿಯನ್ನು ಕೂರಿಸಿಕೊಂಡು, ಮೇಲೆ ಸೆರಗು ಮುಚ್ಚಿ, ಏನೂ ಅರಿಯದವಳ ಹಾಗೆ ಕಿಟಕಿಯಾಚೆ ನೋಡುತ್ತಿದ್ದಳು. ಹ್ಯಾಟೆಗೆ ಅಷ್ಟು ನಾಟಕ ಬರುತ್ತಿರಲಿಲ್ಲ. ಕಂಡಕ್ಟರ್ ಕಾಂತರಾಜು ಹತ್ತಿರ ಬಂದ ಕೂಡಲೇ ಸೆರಗಿನಡಿಯಿಂದಲೇ ಕೊಕ್ಕೋ ಎಂದಿತು. ಬೇರೆ ದಿನವಾಗಿದ್ದರೆ ಅವನು, ಏನಜ್ಜಿ, ಮಗಳ ಮನೇಲಿ ಬಾಡೂಟವಾ ಎಂದು ತಮಾಷೆ ಮಾಡಿ ಮುಂದೆ ಹೋಗುತ್ತಿದ್ದ. ಇವತ್ತು ಅಲ್ಲೇ ನಿಂತ. ಕೋಳಿಗೆ ಟಿಕೆಟ್ ತಗೋಬೇಕು ಎಂದ.

"ನಂಗೇ ಫ್ರೀ ಬುಟ್ಟದೆ ಸರ್ಕಾರ, ನನ್ ಕೋಳಿಗೆ ಕಾಸ್ ಕೇಳ್ತೀಯಲ್ಲಪ್ಪ," ಎಂದಳು ಲಕ್ಕಮ್ಮ. "ಇದೂ ಎಣ್ಣುಕೋಳೀನೇ ಕಣಪ್ಪ, ಬೇಕಾರೆ ನೋಡ್ಕೊ."

ನಗು ಮುಂದಿನ ಸೀಟಿನವರೆಗೂ ಹರಿಯಿತು. ಡ್ರೈವರ್ ಬೈರಯ್ಯ ಕನ್ನಡಿಯಲ್ಲಿ ಹಿಂದೆ ನೋಡಿ ಹಲ್ಲು ಬಿಟ್ಟ. ಕಾಂತರಾಜುವಿಗೆ ಕಿವಿ ಬಿಸಿಯಾಯಿತು. ತಾನು ಏನೇನು ಕೂಗಿದನೆಂದು ಅವನಿಗೆ ಆಮೇಲೆ ನೆನಪಾಗಲಿಲ್ಲ. ನಿಮ್ಮಪ್ಪನ ಮನೆ ಬಸ್ಸಾ ಇದು ಎಂದಿದ್ದು ಮಾತ್ರ ನೆನಪಿತ್ತು, ಯಾಕೆಂದರೆ ಆ ಮಾತಿಗೆ ಮುದುಕಿಯ ಮುಖ ಸಣ್ಣದಾಯಿತು. ಅವಳು ಸೆರಗಿನ ತುದಿಯ ಗಂಟು ಬಿಚ್ಚಿ ಚಿಲ್ಲರೆ ತೆಗೆದು ಅವನ ಅಂಗೈಗೆ ಹಾಕಿದಳು. ಮೆಷಿನ್ನು ಕಿರ್ರೆಂದು ಕೋಳಿಯ ಟಿಕೆಟ್ಟನ್ನು ಉಗುಳಿತು. ಅದನ್ನು ಅವಳು ಮಡಿಚಿ ಹ್ಯಾಟೆಯ ರೆಕ್ಕೆಯ ಪಕ್ಕದಲ್ಲಿ ಬ್ಯಾಗಿನೊಳಗೆ ಇಟ್ಟಳು. ಈಗ ಯಾರೂ ನಗಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಹಾಗಾಯಿತಲ್ಲ ಎಂದುಕೊಂಡು ಅವನು ಮುಂದೆ ಬಂದು ಬಾಗಿಲ ಪಕ್ಕದ ತನ್ನ ಸೀಟಿನಲ್ಲಿ ಕೂತ. ಕೂತರೂ ಸಿಟ್ಟು ಕೂರಲಿಲ್ಲ.

ಉಸಿರಾಡುವ ಯಾವುದೂ ಈ ಬಸ್ಸಿನಲ್ಲಿ ಟಿಕೆಟ್ಟಿಲ್ಲದೆ ಹೋಗುವ ಹಾಗಿಲ್ಲ. ಕೋಳಿಗೂ ಟಿಕೆಟ್ಟು, ನಾಯಿಮರಿಗೂ ಟಿಕೆಟ್ಟು, ಪುಕ್ಕಟೆ ಹೋಗುವ ಹೆಂಗಸರಿಗೂ ಸೊನ್ನೆ ರೂಪಾಯಿ ಎಂದು ಅಚ್ಚಾಗಿರುವ ಟಿಕೆಟ್ಟು. ಕೊಡದೆ ಬಿಟ್ಟು ದಾರಿಯಲ್ಲಿ ಚೆಕಿಂಗ್‌ನವರು ಹತ್ತಿದರೆ ಮೆಮೋ. ಯಾರು ಎಲ್ಲಿ ಹತ್ತಿದರು, ಎಲ್ಲಿ ಇಳಿದರು, ಎಲ್ಲವೂ ಮೆಷಿನ್ನಿನ ಹೊಟ್ಟೆಯೊಳಗೆ ಇರಬೇಕು. ಇರದೆ ಹೋಗುತ್ತಿದ್ದದ್ದು ಒಂದೇ, ಕಾಂತರಾಜುವಿನ ಕೈಗೆ ಊರೂರಿನವರು ಕೊಡುತ್ತಿದ್ದ ಗಂಟುಗಳು. ಹಾಸ್ಟೆಲಿನ ಮಗಳಿಗೆ ಅಮ್ಮ ಕಳಿಸುವ ಕೋಡುಬಳೆ ಡಬ್ಬ, ಮರೆತು ಹೋದ ಮೊಬೈಲ್ ಚಾರ್ಜರು, ಚನ್ನರಾಯಪಟ್ಟಣದ ಅಜ್ಜನಿಗೆ ಹಾಸನದ ಮೆಡಿಕಲ್ಲಿನ ಮಾತ್ರೆ, ಸತ್ಯನಾರಾಯಣ ಪೂಜೆಗೆ ಕಟ್ಟಿಟ್ಟ ಹೂವು, ಕೆಟ್ಟ ಮೋಟರಿನ ಬಿಡಿಭಾಗ. ಕೊಡುವವರು ಬಸ್ಸಿನ ನಂಬರ್ ಪ್ಲೇಟಿನ ಫೋಟೋ ಹೊಡೆದು ವಾಟ್ಸಾಪಿನಲ್ಲಿ ಕಳಿಸುತ್ತಾರೆ, ಮುಂದಿನ ಊರಿನ ಸ್ಟ್ಯಾಂಡಿನಲ್ಲಿ ಯಾರೋ ಒಬ್ಬರು ಆ ಫೋಟೋ ಹಿಡಿದು ನಿಂತಿರುತ್ತಾರೆ, ಇವನು ಎತ್ತಿ ಕೊಡುತ್ತಾನೆ. ಅದಕ್ಕೆ ಒಂದು ಕಾಸು ಮುಟ್ಟಿದವನಲ್ಲ ಅವನು. ಬೇರೆ ಕಂಡಕ್ಟರುಗಳು ಕೈ ಚಾಚುತ್ತಿದ್ದಾಗ, ನಾನು ಜನಕ್ಕೆ ಉಪಕಾರ ಮಾಡುತ್ತೇನೆ, ಮಾರಾಟ ಮಾಡುವುದಿಲ್ಲ ಎಂದು ಡಿಪೋದಲ್ಲಿ ಎದೆಯುಬ್ಬಿಸಿ ಹೇಳಿದ್ದ. ಏನಿದೆ ಒಳಗೆ ಎಂದು ಕೇಳುವುದೂ ಅವನಿಗೆ ಅವಮರ್ಯಾದೆ ಎನಿಸುತ್ತಿತ್ತು. ನಂಬಿ ಕೊಟ್ಟವರನ್ನು ಏನಿದೆ ಎಂದು ಕೇಳುವುದುಂಟೆ? ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ಹೆಂಡತಿ ಹಂಗಿಸಿದರೂ ಒಳಗೊಳಗೇ ಖುಷಿಯಾಗುತ್ತಿತ್ತು. ಆ ಖುಷಿಯನ್ನು ನೆನೆದರೆ ಈಗ ತನ್ನ ಕಪಾಳಕ್ಕೆ ತಾನೇ ಹೊಡೆದುಕೊಳ್ಳುವಂತಾಗುತ್ತಿತ್ತು.

ಹಳ್ಳಿಮೈಸೂರಿನಲ್ಲಿ ಹತ್ತಿದವರಿಗೆ ಟಿಕೆಟ್ ಕೊಟ್ಟು ಮತ್ತೆ ಬಂದು ಕೂತಾಗ ಡ್ರೈವರ್ ಬೆನ್ನಿನ ಹಿಂದಿನ ಕಿಟಕಿ ಪಕ್ಕದ ಸೀಟು ಖಾಲಿ ಇತ್ತು. ಅದರಲ್ಲಿ ಯಾರು ಕೂತರೂ ಅವನಿಗೆ ಆಗುತ್ತಿರಲಿಲ್ಲ, ಖಾಲಿ ಇದ್ದರೂ ಆಗುತ್ತಿರಲಿಲ್ಲ. ಶಾಂತಿಗ್ರಾಮದಲ್ಲಿ ಹತ್ತಿ ಚನ್ನರಾಯಪಟ್ಟಣದ ಕಾಲೇಜಿಗೆ ಹೋಗುತ್ತಿದ್ದ ರೂಪಶ್ರೀಯ ಸೀಟು ಅದು. ಪಿಯುಸಿ ಎರಡನೇ ವರ್ಷ. ಬಸ್ಸು ತುಂಬಿ ಕಾಂತರಾಜು ಹಿಂದೆಲ್ಲೋ ಸಿಕ್ಕಿಹಾಕಿಕೊಂಡಾಗ, ಇಳಿಯುವವರು ಇಳಿದರೆಂದು ನೋಡಿ ಅವಳೇ ಮುಂದಿನಿಂದ, "ರೈಟ್ ಬೈರಣ್ಣಾ!" ಎಂದು ಕೂಗುತ್ತಿದ್ದಳು. ಕಾಂತರಾಜು ಊದಿದ ಸೀಟಿಯ ಸದ್ದಿಗೆ ಜಗ್ಗದ ಬೈರಯ್ಯ ಅವಳ ಕೂಗಿಗೆ ಬಸ್ಸು ಎತ್ತುತ್ತಿದ್ದ. ಸೀಟಿ ಊದಲು ಇವನ ಕೆನ್ನೆಯಲ್ಲಿ ದಮ್ಮಿಲ್ಲ, ಸಂಬಳ ಆ ಹುಡುಗಿಗೆ ಕೊಡಬೇಕು ಎಂದು ರೇಗಿಸುತ್ತಿದ್ದ. ಆ ಹುಡುಗಿಗೆ ಈಗ ಮಾತಿಲ್ಲ. ಕಾಲೇಜಿನ ಹಿಂದಿನ ಕೆರೆ ಏರಿಯ ಮೇಲೆ ಯಾವನದೋ ಹುಟ್ಟುಹಬ್ಬ, ಕೇಕು, ಮೊಬೈಲಿನಲ್ಲಿ ರೀಲು, ರೀಲಿನಲ್ಲಿ ಹೀರೋ ಆಗಲು ತೇಜಸ್ ಎಂಬವನ ಕೈಯಲ್ಲೊಂದು ನಾಡಬಂದೂಕು. ಅವನಿಗೂ ಹದಿನೇಳು. ಅವಳು ಆ ಗುಂಪಿನವಳೂ ಅಲ್ಲ. ಇದೇ ಬಸ್ಸಿಗೆ ತಡವಾಯಿತೆಂದು ಏರಿಯ ಮೇಲಿನ ಅಡ್ಡದಾರಿಯಲ್ಲಿ ಓಡುತ್ತಿದ್ದಳು. ಬಂದೂಕು ಸಿಡಿದು ಚರೆಗಳು ಅವಳ ದವಡೆಯನ್ನು ಒಡೆದವು, ಎಡಗಣ್ಣನ್ನು ತೆಗೆದವು. ಆ ಸಂಜೆ ಕಾಂತರಾಜು ಸ್ಟ್ಯಾಂಡಿನಲ್ಲಿ, ಎಲ್ಲಿ ನಮ್ಮ ಮೇಡಂ ಇನ್ನೂ ಬರಲಿಲ್ಲ ಎಂದು ಒಂದು ನಿಮಿಷ ಹೆಚ್ಚಿಗೆ ಕಾದು, ಬೈರಯ್ಯ ಹಾರನ್ ಒತ್ತಿದ ಮೇಲೆ ಹೊರಟಿದ್ದ.

ಪೊಲೀಸರು ಹಿಡಿದ ಬಂದೂಕಿನ ಫೋಟೋ ಮಾರನೆಯ ದಿನ ಎಲ್ಲರ ಮೊಬೈಲಿಗೂ ಬಂತು. ಅದನ್ನು ಬೈರಯ್ಯ ತೋರಿಸಿದಾಗ ಕಾಂತರಾಜು ಬಂದೂಕನ್ನು ನೋಡಲಿಲ್ಲ. ಅದನ್ನು ಮಲಗಿಸಿದ್ದ ಗೊಬ್ಬರದ ಚೀಲವನ್ನು ನೋಡಿದ. ಬಾಯಿ ಹೊಲಿದಿದ್ದ ಕೆಂಪು ನೈಲಾನ್ ಹಗ್ಗ ಪಕ್ಕದಲ್ಲಿ ಸುರುಳಿ ಬಿದ್ದಿತ್ತು. ಆ ಹಗ್ಗ ಅವನ ಅಂಗೈಯನ್ನು ಕೊರೆದಿತ್ತು. ಅದಕ್ಕೆ ಕೆಲವು ವಾರ ಮೊದಲು ಹೊಳೆನರಸೀಪುರದ ಸ್ಟ್ಯಾಂಡಿನಲ್ಲಿ ಪೈಪು-ಮೋಟರಿನ ಅಂಗಡಿ ರವೀಂದ್ರ ಆ ಗಂಟನ್ನು ಕೊಟ್ಟಿದ್ದ. ಚನ್ನರಾಯಪಟ್ಟಣದಲ್ಲಿ ಕಾಲೇಜಿನ ಯೂನಿಫಾರಮ್ಮಿನಲ್ಲಿ ಇದೇ ತೇಜಸ್ ನಂಬರ್ ಪ್ಲೇಟಿನ ಫೋಟೋ ಹಿಡಿದು ನಿಂತಿದ್ದ. ಮೀಸೆ ಚಿಗುರುತ್ತಿದ್ದ ಮುಖ. ಥ್ಯಾಂಕ್ಸ್ ಅಂಕಲ್ ಎಂದಿದ್ದ. "ಭಾರ ಅದೆ ಕಣಪ್ಪ, ಜ್ವಾಪಾನ," ಎಂದು ಕಾಂತರಾಜುವೇ ಗಂಟನ್ನು ಅವನ ಹೆಗಲಿಗೆ ಏರಿಸಿದ್ದ. ಜ್ವಾಪಾನವಂತೆ. ಆ ಮಾತು ಈಗ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ಹಾಗೆ ಹೋಗುವುದೇ ಇಲ್ಲ, ಊಟಕ್ಕೆ ಕೂತರೂ ಅದೇ.

ಬಂದೂಕು ಕಾಲುವೆಯಲ್ಲಿ ಸಿಕ್ಕಿತು ಎಂದು ಹುಡುಗ ಪೊಲೀಸರಿಗೆ ಹೇಳಿದನಂತೆ. ಹಾಗೆ ಹೇಳು ಎಂದು ಯಾರು ಹೇಳಿಕೊಟ್ಟರೋ, ಅದನ್ನೇ ಕಚ್ಚಿ ಹಿಡಿದಿದ್ದಾನಂತೆ. ಬಂದೂಕಿಗೆ ನಂಬರಿಲ್ಲ, ಗುರುತಿಲ್ಲ, ಯಾವ ಕಾರ್ಖಾನೆಯದೂ ಅಲ್ಲ, ಆದ್ದರಿಂದ ಎಲ್ಲಿಂದ ಬಂತೆಂದು ಹೇಳುವುದು ಕಷ್ಟ ಎಂದು ಪೇಪರಿನಲ್ಲಿ ಬಂತು. ಕಷ್ಟವೇನು ಬಂತು ಮಣ್ಣು! ಹೊಳೆನರಸೀಪುರದ ಟೀ ಅಂಗಡಿಯಲ್ಲಿ ಕೂತವರಿಗೆಲ್ಲ ಗೊತ್ತು. ಹೊಲದ ಹಂದಿ ಕಾಟಕ್ಕೆ ಅಂತ ಶುರುವಾದ ಬಂದೂಕಿನ ವ್ಯಾಪಾರ ಹುಡುಗರ ಶೋಕಿಗೆ ಬಂದು ನಿಂತಿದೆ ಎಂದು ಅವರೇ ಮಾತಾಡಿಕೊಳ್ಳುತ್ತಾರೆ, ರವೀಂದ್ರನ ಸ್ಕೂಟರು ಬಂದರೆ ಬನ್ನಿ ರವಿಯಣ್ಣ ಎಂದು ಬೆಂಚಿನಲ್ಲಿ ಜಾಗ ಬಿಡುತ್ತಾರೆ. ದುಡ್ಡಿರುವವನು, ಗಣಪತಿಗೆ ಪೆಂಡಾಲು ಹಾಕಿಸುವವನು, ಸತ್ತವರ ಮನೆಗೆ ಮೊದಲು ಬರುವವನು. ಗೊತ್ತಿರುವ ಊರಿನಲ್ಲಿ ಕಂಡವರು ಯಾರೂ ಇಲ್ಲ. ಆ ಗಂಟನ್ನು ಅವನ ಕೈಯಿಂದ ಕೈಯಾರೆ ತಗೊಂಡವನು, ಕೈಯಾರೆ ಕೊಟ್ಟವನು ಒಬ್ಬನೇ ಒಬ್ಬ, ಅವನು ಸರ್ಕಾರಿ ಬಸ್ಸಿನ ಬಾಗಿಲಲ್ಲಿ ಕೂತು ಕೋಳಿಗಳ ಮೇಲೆ ಕೂಗಾಡುತ್ತಿದ್ದಾನೆ. ಕಾಂತರಾಜು ಕಿಟಕಿಯಾಚೆ ಉಗಿಯಲು ಹೋಗಿ ಬಾಯಿ ಒಣಗಿದ್ದು ತಿಳಿದು ಸುಮ್ಮನಾದ.

ಸುಮ್ಮನೆ ಏನೂ ಇದ್ದವನಲ್ಲ ಅವನು. ಫೋಟೋ ನೋಡಿದ ವಾರದ ರಜೆಯ ದಿನ ರವೀಂದ್ರನ ಅಂಗಡಿಗೆ ಹೋಗಿದ್ದ. ಹೋಗುವಾಗ ದಾರಿಯುದ್ದಕ್ಕೂ, ಕೊರಳಪಟ್ಟಿ ಹಿಡಿದು ಹೊರಗೆಳೆಯುತ್ತೇನೆ, ಊರ ಮುಂದೆ ಕೇಳುತ್ತೇನೆ ಎಂದು ಮಾತು ಕಟ್ಟಿಕೊಂಡು ಹೋದ. ರವೀಂದ್ರ ಎದ್ದು ನಿಂತು, ಬಾ ಕಾಂತಣ್ಣ, ಎಂದು ತನ್ನ ಕುರ್ಚಿಯನ್ನೇ ಒರೆಸಿ ಕೊಟ್ಟ. ಟೀ ತರಿಸಿದ. ಆ ಮಗುವಿಗೆ ಹಾಗಾಗಬಾರದಿತ್ತು ಎಂದ, ಕಣ್ಣು ಒದ್ದೆಯೂ ಆಯಿತು. ಹಂದಿ ಓಡಿಸುವುದಕ್ಕೆ ಕೇಳುತ್ತಾರೆ, ನಾನಲ್ಲದಿದ್ದರೆ ಇನ್ನೊಬ್ಬ ಕೊಡುತ್ತಾನೆ, ಹುಡುಗನ ವಯಸ್ಸು ಎಷ್ಟು ಅಂತ ಫೋನಿನಲ್ಲಿ ಕಾಣುತ್ತದಾ ಎಂದ. ಮಾರಿದ್ದು ನೀನು ತಾನೆ ಎಂದು ಕಾಂತರಾಜು ಕೇಳಿದ್ದಕ್ಕೆ ಅವನ ದನಿ ಏರಲಿಲ್ಲ, ನಗು ಮಾತ್ರ ಹೋಯಿತು.

"ನಾನೆಲ್ಲಿ ಮಾರ್ದೆ ಕಾಂತಣ್ಣ? ನಾನು ಪೈಪು ಮಾರೋನು. ಆ ಉಡ್ಗನ ಮಕ ನಾನು ನೋಡೇ ಇಲ್ಲ. ಅವನ ಕೈಗೆ ಕೊಟ್ಟೋನು ನೀನು. ಗನ್ನಿಗೆ ನಂಬ್ರಿಲ್ಲ, ನಿನ್ ಲಗೇಜ್ಗೆ ಟಿಕೆಟ್ಟಿಲ್ಲ. ಯಾರ್ನ ಇಡೀತಾರೆ ಏಳು ಮದ್ಲು?"

ಟೀ ಬಿಸಿಯಿತ್ತು. ಅದನ್ನು ಅಲ್ಲೇ ನೆಲಕ್ಕೆ ಚೆಲ್ಲಿ ಎದ್ದು ಬರಬೇಕಿತ್ತು. ಅವನು ಕುಡಿದ. ಕುಡಿದು, ಲೋಟವನ್ನು ನಿಧಾನವಾಗಿ ಕೆಳಗಿಟ್ಟು, ಬರುತ್ತೀನಿ ರವಿಯಪ್ಪ ಎಂದು ಹೇಳಿ ಬಂದ. ಹೇಳಿ ಬಂದನಲ್ಲ! ಆ ಟೀಯ ಸಿಹಿ ಇನ್ನೂ ನಾಲಿಗೆಯಲ್ಲಿರುವ ಹಾಗೆ ಅನ್ನಿಸಿ ಎಷ್ಟೋ ದಿನ ಮನೆಯಲ್ಲಿ ಟೀ ಬೇಡವೆಂದ. ರಾತ್ರಿ ಮಲಗಿ ಯೋಚಿಸಿದರೆ ರವೀಂದ್ರನ ಮಾತಿನಲ್ಲಿ ಸುಳ್ಳು ಎಲ್ಲಿದೆ ಎಂದು ಸಿಕ್ಕುತ್ತಿರಲಿಲ್ಲ. ಬಾಯಿ ಬಿಟ್ಟರೆ ಮೊದಲು ಹೋಗುವುದು ತನ್ನ ಕೆಲಸ, ಆಮೇಲೆ ತಾನು. ಒಳಗೆ ಏನಿದೆ ಎಂದು ಕೇಳಿದ್ದರೆ ಅವನು ಹೇಳುತ್ತಿದ್ದನೋ ಏನೋ, ಕೇಳದ ನನ್ನನ್ನು ಒಳ್ಳೆಯವನು ಅಂದರಲ್ಲ ಇಷ್ಟು ವರ್ಷ, ಹಾಳಾಗಿ ಹೋಗಲಿ ಆ ಒಳ್ಳೆಯತನ ಎಂದು ಹಲ್ಲು ಕಡಿಯುತ್ತಿದ್ದ.

ಹೇಮಾವತಿಯ ಸೇತುವೆ ದಾಟಿ ಬಸ್ಸು ಹೊಳೆನರಸೀಪುರದ ಸ್ಟ್ಯಾಂಡಿಗೆ ತಿರುಗಿತು. ಇಷ್ಟು ದಿನ ರವೀಂದ್ರ ಕಂಡಿರಲಿಲ್ಲ. ಇವತ್ತು ಹಣ್ಣಿನ ಗಾಡಿಯ ಪಕ್ಕ ನಿಂತಿದ್ದ, ಬಿಳಿ ಅಂಗಿ, ಹಣೆಯಲ್ಲಿ ಕುಂಕುಮ. ಜನ ಇಳಿದರು, ಹತ್ತಿದರು. ಕಾಂತರಾಜು ಫುಟ್‌ಬೋರ್ಡಿನ ಮೇಲೆ ನಿಂತು ಹಾಸನ ಹಾಸನ ಎಂದು ಕೂಗುತ್ತಿದ್ದ. ಜನರ ತಲೆಗಳ ಮಧ್ಯದಿಂದ ಗೊಬ್ಬರದ ಚೀಲದ ಗಂಟು ಮೇಲೆ ಬಂತು, ಕೆಂಪು ಹಗ್ಗದ ಸಮೇತ. "ಮೋಟ್ರು ಸಾಮಾನು ಕಣಣ್ಣ, ಚನ್ರಾಯ್ಪಟ್ಣದಲ್ಲಿ ಬತ್ತಾರೆ," ಎಂದಿತು ರವೀಂದ್ರನ ದನಿ. ಬೇಡ ಎನ್ನಬೇಕೆಂದು ಕಾಂತರಾಜು ಬಾಯಿ ತೆರೆದ. ಅಷ್ಟರಲ್ಲಿ ಅವನ ಕೈ ಗಂಟನ್ನು ಈಸಿಕೊಂಡಿತ್ತು. ಇಷ್ಟು ವರ್ಷ ಯಾರು ಏನು ಎತ್ತಿ ಕೊಟ್ಟರೂ ಚಾಚಿ ಅಭ್ಯಾಸವಾದ ಕೈ, ಅದಕ್ಕೆ ಮನಸ್ಸನ್ನು ಕೇಳುವ ರೂಢಿಯಿರಲಿಲ್ಲ. ಹಗ್ಗ ಹಿಂದಿನ ಜಾಗದಲ್ಲೇ ಅಂಗೈಯನ್ನು ಕೊರೆಯಿತು. "ನಿಮ್ಮಂತೋರು ಇರಬೇಕಣ್ಣ, ಒಂದ್ ಮಾತು ಕೇಳಕಿಲ್ಲ," ಎಂದು ರವೀಂದ್ರ ಸುತ್ತಲಿನವರಿಗೂ ಕೇಳುವ ಹಾಗೆ ಹೇಳಿ, ಬೈರಯ್ಯನಿಗೆ ಕೈಯೆತ್ತಿ, ಸ್ಕೂಟರಿನ ಕಡೆ ಹೋದ. ಬಸ್ಸು ಹೊರಟಿತು.

ಗಂಟನ್ನು ಅವನು ಡ್ರೈವರ್ ಬೆನ್ನಿನ ಹಿಂದಿನ ಸೀಟಿನ ಕೆಳಗೆ ತಳ್ಳಿದ್ದ. ಲಗೇಜು ಇಡುವ ಜಾಗ ಅದೇ, ಕೈ ಅಲ್ಲಿಗೇ ಒಯ್ದಿತ್ತು. ಮೊಸಳೆಹೊಸಹಳ್ಳಿ ದಾಟಿದ ಮೇಲೆ ಬಗ್ಗಿ, ಚಿಲ್ಲರೆ ಬಿದ್ದವನ ಹಾಗೆ ನಟಿಸುತ್ತ, ಚೀಲವನ್ನು ಮೇಲಿನಿಂದ ಮುಟ್ಟಿ ನೋಡಿದ. ಉದ್ದನೆಯ ಕೊಳವೆ. ಒಂದಲ್ಲ. ಮರದ ಹಿಡಿ. ಬೆರಳು ಸಿಕ್ಕಿಕೊಳ್ಳುವಂಥ ಸಣ್ಣ ಕೊಕ್ಕೆ. ಬೆರಳನ್ನು ಅವನು ಬೆಂಕಿ ತಾಗಿದಂತೆ ಎಳೆದುಕೊಂಡ. ಅನುಮಾನ ಎಂಬುದು ಇನ್ನೂ ಚೂರು ಉಳಿದಿತ್ತಲ್ಲ, ಅದರಲ್ಲಿ ತಲೆ ಮರೆಸಿಕೊಳ್ಳಬಹುದಿತ್ತು, ಅದೂ ಹೋಯಿತು. ಮುಂದಕ್ಕೆ ಬಾಗಿ ಬೈರಯ್ಯನ ಕಿವಿಯಲ್ಲಿ ಹೇಳಿದ. ಬೈರಯ್ಯ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ನನಗೇನೂ ಹೇಳಿಲ್ಲ ನೀನು, ನಾನೇನೂ ಕೇಳಿಲ್ಲ ಎಂದ. ಮುಂದಿನ ತಿರುವು ದಾಟಿದ ಮೇಲೆ, ಹಾಸನದಲ್ಲಿ ಸ್ಟ್ಯಾಂಡಿನ ಕಂಬಕ್ಕೆ ಒರಗಿಸಿ ಬಂದುಬಿಡು, ಎತ್ತಿಕೊಂಡವನ ಹಣೆಬರಹ ಎಂದ. ಹಾಸನ ಬಂತು. ಕಾಂತರಾಜು ಗಂಟಿನ ಮೇಲೆ ಕೈಯಿಟ್ಟು ಕಂಬವನ್ನು ನೋಡಿದ. ಕಂಬದ ಬುಡದಲ್ಲಿ ಯೂನಿಫಾರಮ್ಮಿನ ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ಯಾವುದೋ ಮೊಬೈಲ್ ನೋಡುತ್ತ ನಗುತ್ತಿದ್ದರು. ಅವನು ಕೈ ತೆಗೆದ.

ಆಗ ಕಮಲಾಕ್ಷಮ್ಮ ಹತ್ತಿದಳು. ರೂಪಶ್ರೀಯ ತಾಯಿ. ರಾತ್ರಿಯೆಲ್ಲ ದೊಡ್ಡಾಸ್ಪತ್ರೆಯಲ್ಲಿ ಮಗಳ ಪಕ್ಕ ಕೂತಿದ್ದು, ಬೆಳಿಗ್ಗೆ ಈ ಬಸ್ಸಿಗೆ ಶಾಂತಿಗ್ರಾಮಕ್ಕೆ ಹೋಗಿ, ಹಸುಗಳನ್ನು ನೋಡಿ, ಡೇರಿಗೆ ಹಾಲು ಹಾಕಿ, ಅಡಿಗೆ ಮಾಡಿಕೊಂಡು ಸಂಜೆಗೆ ಮತ್ತೆ ಬರುವವಳು. ಕೈಯಲ್ಲಿ ಖಾಲಿ ಕ್ಯಾರಿಯರ್. ಅವಳು ದಿನಾ ಕೂರುವುದು ಮಗಳ ಸೀಟಿನಲ್ಲೇ, ಯಾಕೆಂದು ಯಾರೂ ಕೇಳಿರಲಿಲ್ಲ. ಕೂತು, ಕೇಳುವ ಮೊದಲೇ ಆಧಾರ್ ಕಾರ್ಡು ತೆಗೆದು ಅವನ ಕಡೆ ಚಾಚಿದಳು. ಈ ಹೆಂಗಸನ್ನು ದಿನಾ ನೋಡುತ್ತಾನೆ, ಆದರೂ ದಿನಾ ಅವಳು ತಾನು ತಾನೇ ಎಂದು ತೋರಿಸಬೇಕು, ಇವನು ಸೊನ್ನೆಯ ಟಿಕೆಟ್ ಒತ್ತಿ ಕೊಡಬೇಕು. ಹಿಂದೊಮ್ಮೆ ಆಸ್ಪತ್ರೆಗೆ ಮೂಸಂಬಿ ಹಿಡಿದು ಹೋದಾಗ ಅವಳು ವಾರ್ಡಿನವರಿಗೆಲ್ಲ, ಈ ಅಣ್ಣ ನಮ್ಮ ಮಗೀನ ಸ್ವಂತ ಮಗಳಂಗೆ ಕರ್ಕೊಂಡೋಗೋರು ಎಂದು ಹೇಳಿದ್ದಳು. ಹಾಸಿಗೆಯ ಮೇಲಿನ ಬ್ಯಾಂಡೇಜಿನ ಮುಖದಲ್ಲಿ ಒಂದು ಕಣ್ಣು ಇವನನ್ನೇ ನೋಡಿತ್ತು. ಅವನು ಮತ್ತೆ ಆ ಕಡೆ ಹೋಗಿರಲಿಲ್ಲ.

ಹೇಗಿದ್ದಾಳೆ ಎಂದು ಇವತ್ತೂ ಕೇಳಿದ. ಕೇಳದೆ ಇರುವುದು ಹೇಗೆ. ಇನ್ನೂ ಕೊಳವೆಯಲ್ಲೇ ಗಂಜಿ ಹೋಗುತ್ತಿದೆ, ಇನ್ನೊಂದು ಆಪರೇಷನ್ ಇದೆಯಂತೆ ಎಂದಳು. ಟಿಕೆಟ್ಟನ್ನು ಮಡಿಚಿ ಕಾರ್ಡಿನ ಜೊತೆ ಇಟ್ಟುಕೊಂಡಳು.

"ನೆನ್ನೆ ಮೊಬೈಲ್ನಲ್ಲಿ ಬರ್ದು ತೋರ್ಸುದ್ಲು ಕಣಣ್ಣ," ಎಂದಳು ಆಮೇಲೆ. "ಅವ್ನ ಕೈಗೆ ಅದ ಕೊಟ್ಟೋರು ಯಾರವ್ವ ಅಂತ. ಇಷ್ಟ್ ದಿನಕ್ಕೆ ಅದೊಂದೇ ಕೇಳಿರದು. ನಾನು ಏನ ಏಳ್ಳಿ? ಪೋಲೀಸ್ನೋರ್ಗೇ ಗೊತ್ತಿಲ್ವಂತೆ."

ಕಾಂತರಾಜು ತಲೆಯಾಡಿಸಿದ. ಏನೆಂದು ತಲೆಯಾಡಿಸಿದೆ ಎಂದು ತಾನೇ ಅಸಹ್ಯಪಟ್ಟುಕೊಂಡು ಹಿಂದಿನ ಸೀಟುಗಳ ಕಡೆ ಹೋದ. ಲಕ್ಕಮ್ಮ ಅವನನ್ನು ನೋಡಿ ಕೋಳಿಯ ಟಿಕೆಟ್ಟನ್ನು ಬ್ಯಾಗಿನಿಂದ ಮೇಲೆತ್ತಿ ತೋರಿಸಿದಳು, ಮತ್ತೆ ಎಲ್ಲಿ ಕೂಗಾಡುತ್ತಾನೋ ಎಂಬಂತೆ. ಟಿಕೆಟ್ ಕೊಟ್ಟುಬಿಡೋಣ ಎಂದು ಹುಚ್ಚು ಯೋಚನೆ ಬಂತು, ಗಂಟಿಗೆ ಲಗೇಜು ಟಿಕೆಟ್ ಒತ್ತಿಬಿಟ್ಟರೆ ಕೊನೇ ಪಕ್ಷ ಅದು ಎಲ್ಲಿ ಹತ್ತಿತು ಎಂದಾದರೂ ಇರುತ್ತದೆ. ಬೈಪಾಸಿನ ಹತ್ತಿರ ಕಂಬಿಗೆ ಒರಗಿ ಮೆಷಿನ್ನಿನಲ್ಲಿ ಹೊಳೆನರಸೀಪುರವನ್ನು ಹುಡುಕಿದ. ಸಿಗಲಿಲ್ಲ. ಸ್ಟೇಜು ಹಾಸನಕ್ಕೆ ಬದಲಾಗಿತ್ತು, ದಾಟಿ ಬಂದ ಊರಿನಿಂದ ಟಿಕೆಟ್ ಕೊಡಲು ಅದು ಒಪ್ಪುವುದಿಲ್ಲ. ಅವನಿಗೆ ಇದು ಹೊಸದಾಗಿ ತಿಳಿದ ಸಂಗತಿಯೇನೂ ಆಗಿರಲಿಲ್ಲ. ಆದರೂ ಒತ್ತಿದ, ಮತ್ತೆ ಮತ್ತೆ ಒತ್ತಿದ.

ಮುಂದೆ ನೋಡಿದರೆ ಕಮಲಾಕ್ಷಮ್ಮ ಚಪ್ಪಲಿ ಬಿಟ್ಟು, ಊದಿಕೊಂಡಿದ್ದ ಕಾಲುಗಳನ್ನು ಗಂಟಿನ ಮೇಲೆ ಇಟ್ಟಿದ್ದಳು. ಕ್ಯಾರಿಯರನ್ನೂ ಅದರ ಮೇಲೆಯೇ ಕೂರಿಸಿದ್ದಳು. ಕಣ್ಣು ಮುಚ್ಚಿತ್ತು. ರಾತ್ರಿಯೆಲ್ಲ ಕುರ್ಚಿಯಲ್ಲಿ ಕೂತವಳಿಗೆ ಕಾಲು ಎತ್ತರಕ್ಕೆ ಇಡಲು ಏನೋ ಒಂದು ಸಿಕ್ಕಿತ್ತು. ಬಸ್ಸು ಲಾರಿಯೊಂದನ್ನು ಹಿಂದೆ ಹಾಕಲು ಓಲಾಡಿತು, ಗಂಟು ಉರುಳಿ ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದಾಯಿತು, ಕ್ಯಾರಿಯರ್ ಬಿತ್ತು. ಅವಳು ಎಚ್ಚೆತ್ತು ಅದನ್ನು ಎತ್ತಿ ಮತ್ತೆ ಅಲ್ಲೇ ಇಟ್ಟಳು, ಚೀಲವನ್ನು ಕಾಲಿನಿಂದ ಮೆಲ್ಲಗೆ ಸರಿಮಾಡಿದಳು, ಯಾರದೋ ಸಾಮಾನು, ಮುರಿಯಬಾರದು ಎಂಬ ಹಾಗೆ.

ಕಾಂತರಾಜು ಸೀಟಿ ಊದಿದ. ಕೆನ್ನೆಯಲ್ಲಿ ದಮ್ಮಿಲ್ಲದವನು ಎಂದು ರೇಗಿಸಿಕೊಂಡವನು ಆ ಹೆದ್ದಾರಿಗೆಲ್ಲ ಕೇಳುವಂತೆ ಊದಿದ. ಬೈರಯ್ಯ ಗಾಬರಿಯಿಂದ ಬ್ರೇಕ್ ಒತ್ತಿದ, ನಿಂತವರೆಲ್ಲ ಮುಂದಕ್ಕೆ ಮುಗ್ಗರಿಸಿದರು, ಹ್ಯಾಟೆ ಕಿರುಚಿತು.

"ಈ ಗಂಟು ಯಾರ್ದು?" ಎಂದು ಕೂಗಿದ ಕಾಂತರಾಜು.

ದಿನಕ್ಕೆ ಎಷ್ಟು ಸಲ ಕೂಗುವ ಮಾತೋ ಅದು. ಕಾಲೇಜಿಗೆ ಹೊತ್ತಾಯಿತು ಎಂದು ಒಬ್ಬ ಗೊಣಗಿದ. ಅವನು ಮತ್ತೆ ಕೂಗಿದ. ಏನಾಯಿತು ಇವನಿಗೆ ಎಂದು ಬಸ್ಸೆಲ್ಲ ನೋಡುತ್ತಿತ್ತು. ಹಿಂದಿನಿಂದ ಲಕ್ಕಮ್ಮ, ಬೆಳಗಿನ ಸಿಟ್ಟೆಲ್ಲ ಸೇರಿಸಿ, "ಟಿಕೆಟ್ ಕೊಟ್ಟಿದ್ದೀಯಲ್ಲಪ್ಪ, ನೋಡ್ಕೊ ಯಾರ್ದು ಅಂತ. ನನ್ ಕೋಳಿಗೆ ಕೊಟ್ಟೋನು ಇದ್ಕೆ ಕೊಡ್ನಿಲ್ವಾ?" ಎಂದಳು. ಯಾರೋ ನಕ್ಕರು. ಈ ಸಲ ಕಿವಿ ಬಿಸಿಯಾಗಲಿಲ್ಲ.

"ಕೊಡ್ನಿಲ್ಲ ಕಣಜ್ಜಿ," ಎಂದ. "ಇದು ನಂದು."

ಬೈರಯ್ಯ ಇಂಜಿನ್ನಿನ ಮೇಲೆ ಕೈಯೂರಿ ತಿರುಗಿದ. ಅವನ ಮುಖ ಬಿಳಿಚಿಕೊಂಡಿತ್ತು. ಇನ್ನು ಎರಡು ವರ್ಷಕ್ಕೆ ನನ್ನ ರಿಟೈರ್‌ಮೆಂಟು ಎಂದು ತುಟಿಯಲ್ಲೇ ಹೇಳಿದ. ಕಾಂತರಾಜು ಅವನಿಗೆ, ಪರ್ಸು ಕಳೆದರೆ ಏನು ಮಾಡುತ್ತೀವಿ ಬೈರಣ್ಣ, ಎಂದ. ಪರ್ಸು ಕಳೆದರೆ ಬಸ್ಸಿನ ಬಾಗಿಲು ಹಾಕಿ ಯಾರನ್ನೂ ಇಳಿಸದೆ ಸೀದಾ ಪೊಲೀಸ್ ಠಾಣೆಗೆ ಹೊಡೆಯುತ್ತಾರೆ, ಜನ ಬೈದರೂ ಬಿಡುವುದಿಲ್ಲ, ಅದು ಈ ರಸ್ತೆಯ ಹಳೆಯ ರೂಢಿ. ನೂರೋ ಇನ್ನೂರೋ ಇದ್ದ ಪರ್ಸಿಗೆ ಅಷ್ಟು ಮಾಡಿದವರು. ಶಾಂತಿಗ್ರಾಮದ ಠಾಣೆ ಮುಂದೇ ಇತ್ತು. ಬೈರಯ್ಯ ಗೇರಿನ ಮೇಲೆ ಕೈಯಿಟ್ಟುಕೊಂಡು ಕೂತೇ ಇದ್ದ. ಹಿಂದೆ ಲಾರಿಗಳು ಹಾರನ್ ಹೊಡೆಯುತ್ತಿದ್ದವು. ಅವನು ತಿರುಗಿ ಖಾಲಿಯಿಲ್ಲದ ಆ ಸೀಟನ್ನು, ಅಲ್ಲಿ ಕೂತವಳನ್ನು ನೋಡಿದ. ಹಾಳಾಗೋಗು, ಎಂದು ಬೈದು ಗೇರು ಹಾಕಿದ. ಬಾಗಿಲು ಹಾಕಿಕೋ ಎಂದ.

ಜನ ಎದ್ದು ನಿಂತರು. ನಮ್ಮ ಆಫೀಸು, ನಮ್ಮ ಪರೀಕ್ಷೆ, ಯಾರಪ್ಪನ ಮನೆ ಬಸ್ಸು ಇದು ಎಂದು ಕೂಗಿದರು. ತಾನು ಬೆಳಿಗ್ಗೆ ಆಡಿದ ಮಾತೇ ತನಗೆ ವಾಪಸು ಬಂದದ್ದು ಕಾಂತರಾಜುವಿಗೆ ಕೇಳಿಸಿತು. ಚನ್ನರಾಯಪಟ್ಟಣದಲ್ಲಿ ಈಗ ಇನ್ನೊಬ್ಬ ಹುಡುಗ ನಂಬರ್ ಪ್ಲೇಟಿನ ಫೋಟೋ ಹಿಡಿದು ನಿಂತಿರುತ್ತಾನೆ, ಮೀಸೆ ಚಿಗುರುತ್ತಿರುತ್ತದೆ, ಬಸ್ಸು ಯಾಕೆ ತಡ ಎಂದು ಹೊಳೆನರಸೀಪುರಕ್ಕೆ ಫೋನು ಮಾಡುತ್ತಾನೆ. ಮಾಡಲಿ. ಆ ಫೋನೂ ಪೊಲೀಸರಿಗೆ ಬೇಕಾಗುತ್ತದೆ. ಅವನು ಕಮಲಾಕ್ಷಮ್ಮನ ಮುಂದೆ, ಅವಳ ಕಾಲ ಬಳಿ, ಬಸ್ಸಿನ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತ.

"ಏನಣ್ಣ ಇದು? ಏನದೆ ಇದ್ರಲ್ಲಿ?" ಎಂದಳು ಕಮಲಾಕ್ಷಮ್ಮ.

ಅವನು ಹೇಳಿದ. ಇವತ್ತಿನದು ಹೇಳಿದ, ಅವತ್ತಿನದು ಹೇಳಿದ. ರವೀಂದ್ರನ ಹೆಸರು ಹೇಳಿದ. ಹುಡುಗನ ಹೆಗಲಿಗೆ ತಾನೇ ಏರಿಸಿದ್ದನ್ನು ಹೇಳಿದ. ಜ್ವಾಪಾನ ಎಂದಿದ್ದನ್ನೂ ಬಿಡಲಿಲ್ಲ. ಟೀ ಕುಡಿದದ್ದನ್ನೂ ಬಿಡಲಿಲ್ಲ. ಇದನ್ನೆಲ್ಲ ಹೇಳಿದ ಮೇಲೆ ಎದೆ ಹಗುರಾಗುತ್ತದೆ ಎಂದು ಅವನೆಲ್ಲೋ ಒಂದು ಆಸೆ ಇಟ್ಟುಕೊಂಡಿದ್ದ. ಹಗುರಾಗಲಿಲ್ಲ. ಅವಳು ಮೊದಲು ಕಾಲುಗಳನ್ನು ಗಂಟಿನಿಂದ ತೆಗೆದಳು. ಆಮೇಲೆ ಕ್ಯಾರಿಯರನ್ನು ಎತ್ತಿ ಅದರ ತಳವನ್ನು ಸೆರಗಿನಿಂದ ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು. ಬಯ್ಯಲಿಲ್ಲ, ಅಳಲಿಲ್ಲ, ಅವನ ಮುಖವನ್ನೂ ನೋಡಲಿಲ್ಲ. ಇಷ್ಟು ದಿನ ಬಾಯ್ತುಂಬ ಅಣ್ಣ ಎನ್ನುತ್ತಿದ್ದವಳು ಈಗ ಒಂದು ಮಾತಾಡಿದರೆ ಸಾಕಿತ್ತು, ಒಂದು ಏಟು ಹೊಡೆದರೆ ಇನ್ನೂ ಒಳ್ಳೆಯದಿತ್ತು. ಅವಳು ಸೆರಗನ್ನು ಹಿಡಿದುಕೊಂಡು ಕೂತಿದ್ದಳು.

ಬಸ್ಸು ಠಾಣೆಯ ಮುಂದೆ ನಿಂತಿತು. ಕಾಂತರಾಜು ಗಂಟನ್ನು ಹೆಗಲಿಗೆ ಏರಿಸಿಕೊಂಡು ಬಾಗಿಲು ತೆಗೆದ. ಕೊಳವೆ ಕಿವಿಗೆ ತಾಗುತ್ತಿತ್ತು. ಒಳಗಿನಿಂದ ಪೇದೆಯೊಬ್ಬ ಏನ್ರೀ, ಪಿಕ್‌ಪಾಕೆಟ್ಟಾ ಎನ್ನುತ್ತ ಹೊರಬಂದ. ಕೆಳಗಿಳಿದ ಕಾಂತರಾಜು ಠಾಣೆಯ ಮೆಟ್ಟಿಲಿನವರೆಗೆ ಬಂದ. ಒಳಗೆ ಹೋಗಿ ಮೊದಲು ರವೀಂದ್ರನ ಹೆಸರು ಹೇಳಬೇಕು, ಹೊಳೆನರಸೀಪುರದ ಅಂಗಡಿ, ಬಿಳಿ ಅಂಗಿ, ಸ್ಕೂಟರಿನ ನಂಬರು, ಎಲ್ಲವನ್ನೂ ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತ ನಿಂತ. ಅವನ ಹೆಸರು ಮೊದಲು ಹೇಳಿದರೆ ಇವರು ಓಡಿ ಹೋಗಿ ಅವನನ್ನು ಹಿಡಿಯುತ್ತಾರೆ, ತನ್ನದು ಆಮೇಲೆ, ಎಲ್ಲ ಮುಗಿದ ಮೇಲೆ, ಸಣ್ಣದಾಗಿ ಬರುತ್ತದೆ. ಹಾಗೆ ಯೋಚಿಸಿದ್ದು ತಿಳಿದು ಅವನಿಗೆ ತನ್ನ ಮೇಲೆ ಬಂದಷ್ಟು ಸಿಟ್ಟು ರವೀಂದ್ರನ ಮೇಲೂ ಬಂದಿರಲಿಲ್ಲ.

ಕಮಲಾಕ್ಷಮ್ಮ ಬಸ್ಸಿನಿಂದ ಇಳಿದು, ಕ್ಯಾರಿಯರ್ ಹಿಡಿದುಕೊಂಡು, ಅವನನ್ನು ದಾಟಿ ಮೆಟ್ಟಿಲು ಹತ್ತಿದಳು. ಬಾಗಿಲಲ್ಲಿ ನಿಂತು ತಿರುಗಿದಳು. ಆಗ ಮೊದಲ ಸಲ ಅವನ ಕಣ್ಣನ್ನು ನೋಡಿದಳು.

"ಬಾ," ಎಂದಳು. "ಮದ್ಲು ನಿನ್ನೆಸ್ರು ಬರ್ಸು. ಆಮೇಕೆ ಅವಂದು ಬರ್ಸೀಯಂತೆ. ನನ್ ಮಗೀಗೆ ನಾನು ಎರಡೂ ಏಳ್ಬೇಕು."